ಕವಲು, ಕವರು ಮತ್ತು ಒಂದು ಬಾವಿ

ಅಜೆಕಾರು ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆವು. ಮಣಿಪಾಲದಲ್ಲಿ ಕೆಲಸದಲ್ಲಿರುವ ಸೋದರಳಿಯ ಲ್ಯಾಪ್‌ಟಾಪ್ ಬಿಚ್ಚಿಕೊಂಡು, "ಫೋರ್ಕ್ ಆದ ಪ್ರೋಸೆಸ್‌ಗಳನ್ನು ರಿಸ್ಟೋರ್ ಮಾಡಿದರೆ ಶೇರ್ಡ್ ಮೆಮರಿ ಹಾಳಾಗ್ತದೆ ಮಾಮಾ" ಎಂದು ಗೊಣಗಿದ. ಫೋರ್ಕ್ ಎಂದರೆ ಒಂದು ಎರಡಾಗುವುದಂತೆ. ಓಹೋ, ಪಾಲು! ಅದರಲ್ಲಿ ನಾನು ಪಳಗಿದವ.

ಫೋರ್ಕ್ ಆದ ತಕ್ಷಣ ಲಿನಕ್ಸ್ ಎಲ್ಲವನ್ನೂ ನಕಲು ಮಾಡುವುದಿಲ್ಲವಂತೆ. ತಾಯಿ ಪ್ರೋಸೆಸ್, ಮಗು ಪ್ರೋಸೆಸ್ ಇಬ್ಬರೂ ಮೆಮರಿಯ ಒಂದೇ ಪುಟ ನೋಡುತ್ತಿರುತ್ತಾರೆ. ಯಾರಾದರೂ ಬರೆಯಲು ಹೊರಟರೆ ಆ ಪುಟ ಮಾತ್ರ, ಸಾಮಾನ್ಯವಾಗಿ 4096 ಬೈಟು, ಬೇರೆಯಾಗುತ್ತದೆ. ಬೇರೆ ಒಲೆ ಹೂಡಿದವರೂ ಕೆಲವು ದಿನ ಒಂದೇ ಕೊಪ್ಪರಿಗೆಯಲ್ಲಿ ನೀರು ಕಾಯಿಸುತ್ತಾರಲ್ಲ, ಹಾಗೆ. "ಇದಕ್ಕೆ ಕಲಾಯಿ ಹಾಕಿಸ್ತೇನೆ" ಎಂದು ಒಬ್ಬರು ಹೊರಟಾಗಲೇ ಎರಡನೆಯ ಕೊಪ್ಪರಿಗೆ ಬೇಕಾಗುವುದು.

ಶೇರ್ಡ್ ಮೆಮರಿ ಮಾತ್ರ ಬಾವಿಯ ಜಾತಿ. ಒಬ್ಬರು ನೀರು ಸೇದಿದರೆ, ಇಳಿದದ್ದು ಇನ್ನೊಬ್ಬರಿಗೂ ಕಾಣಬೇಕು.

ಮನೆಯ ಪಾಲಿನಲ್ಲೂ ಹೀಗೇ. ತಾಯಿಯ ಕಡೆಯಿಂದ ವಂಶ ನಡೆಯುವ ನಮ್ಮ ಅಳಿಯಸಂತಾನದ ಕುಟುಂಬಗಳಲ್ಲಿ ಕವರು ಕವರಾಗಿ, ಅಂದರೆ ಒಬ್ಬೊಬ್ಬ ತಾಯಿಯ ಕವಲಾಗಿ, ಪಾಲು ಕೇಳುವ ಹಕ್ಕನ್ನು 1949ರ ಮದ್ರಾಸ್ ಕಾಯ್ದೆ ಕೊಟ್ಟಿತು. ಗದ್ದೆ, ತೋಟ ಹಂಚಿಹೋದವು. ನಾಗಬನ, ದೈವಸ್ಥಾನ ಹೆಚ್ಚಿನ ಕಡೆ ಎಲ್ಲರದ್ದಾಗಿಯೇ ಉಳಿದವು. ಮುಂಬಯಿಗೆ ಹೋದವರೂ ನಾಗನ ತಂಬಿಲದ ಪೂಜೆಗೆ ಮೂಲ ಬನಕ್ಕೇ ಬರಬೇಕು. ಮೂಲ ಮರೆತವರು ಅಷ್ಟಮಂಗಲ ಪ್ರಶ್ನೆ ಇಡಿಸಿಯಾದರೂ ಹುಡುಕುತ್ತಾರೆ. ಅಂಗಳದಲ್ಲೊಂದು ನಾಗನ ಕಲ್ಲು ನಟ್ಟರೆ ಮುಗಿಯಿತೆನ್ನುವ ಹಾಗಿಲ್ಲ.

ಅಳಿಯನ ಪ್ರೋಗ್ರಾಂ ನಟ್ಟದ್ದು ಅಂಥ ಕಲ್ಲನ್ನೇ. ಓಡುತ್ತಿದ್ದ ಪ್ರೋಸೆಸ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮತ್ತೆ ಎಬ್ಬಿಸುವಾಗ ಹಂಚಿಕೆಯ ಜಾಗವನ್ನು ತಲಾ ಒಂದೊಂದು ನಕಲಾಗಿ ಕೊಟ್ಟಿತ್ತು. ಮೊದಲ ಗಳಿಗೆಯಲ್ಲಿ ಎರಡೂ ಅಕ್ಷರಕ್ಕಕ್ಷರ ಒಂದೇ, ಹಾಗಾಗಿ ಪರೀಕ್ಷೆಯೂ ಪಾಸು. ಒಬ್ಬ ಬರೆದದ್ದು ಇನ್ನೊಬ್ಬನಿಗೆ ಕಾಣದಾದಾಗಲೇ ಗುಟ್ಟು ರಟ್ಟು. ಇದೇ ಕೆಲಸ ಮಾಡುವ ಕ್ರಿಯು ಎಂಬ ಸಾಧನ ಹಾಗಲ್ಲ. ಪ್ರತಿ ಹಂಚಿಕೆಯ ಜಾಗಕ್ಕೂ ಒಂದು ಗುರುತು ಇಟ್ಟುಕೊಳ್ಳುತ್ತದೆ. ಎಬ್ಬಿಸುವಾಗ ಒಬ್ಬನೇ ಅದನ್ನು ತುಂಬುತ್ತಾನೆ, ಉಳಿದವರು ಕಾದು ಅದಕ್ಕೇ ಸೇರಿಕೊಳ್ಳುತ್ತಾರೆ.

"ಅಂದರೆ ಏನಿತ್ತು ಎಂದು ಬರೆದಿಟ್ಟರೆ ಸಾಲದು, ಯಾರ್ಯಾರದು ಎಂದೂ ಬರೆದಿಡಬೇಕು" ಎಂದೆ. "ಪಾಲುಪಟ್ಟಿ ಬರೆಯುವ ಹಾಗೆ."

ಅಳಿಯ ಮಾತಾಡದೆ ಎರಡು ಸಾಲು ಅಳಿಸಿ ಒಂದು ಬರೆದ. ಚಾದ ಬಿಲ್ಲು ಪಾಲಾಗಲಿಲ್ಲ, ನಾನೇ ಕೊಟ್ಟೆ.