ಇಪ್ಪತ್ತೊಂದು ಅಂಕಿ, ಮೂರು ವರ್ಷದ ಭಾನುವಾರಗಳು

14,75,73,95,25,89,67,64,12,927.

ಗಾಬರಿಯಾಗಬೇಡಿ, ಇದು ಯಾರ ಠೇವಣಿಯೂ ಅಲ್ಲ, ಯಾರ ಸಾಲವೂ ಅಲ್ಲ! ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ. ನಮ್ಮ ಲೆಕ್ಕದಲ್ಲಿ ಸುಮಾರು ಹದಿನಾಲ್ಕೂ ಮುಕ್ಕಾಲು ಲಕ್ಷ ಕೋಟಿ ಕೋಟಿ.

1644ರಲ್ಲಿ ಫ್ರಾನ್ಸಿನ ಪಾದ್ರಿ ಮರಿನ್ ಮೆರ್ಸೆನ್ ಇದನ್ನು ಅವಿಭಾಜ್ಯ ಸಂಖ್ಯೆಗಳ ಪಟ್ಟಿಯಲ್ಲಿ ಸೇರಿಸಿಬಿಟ್ಟ. ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು ಎಂದು. ಅದು ತಪ್ಪು ಅಂತ ಗೊತ್ತಾಗಿದ್ದು 232 ವರ್ಷಗಳ ನಂತರ, 1876ರಲ್ಲಿ. ತೋರಿಸಿಕೊಟ್ಟವನು ಎದ್ವಾರ್ ಲ್ಯೂಕಾ. ತಮಾಷೆ ನೋಡಿ, ಯಾವುದರಿಂದ ಭಾಗವಾಗುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ! ಸಂಜೆ ಕ್ಯಾಶ್ ಟ್ಯಾಲಿ ಆಗಿಲ್ಲ ಅಂತ ಗೊತ್ತು, ತಪ್ಪು ಎಲ್ಲಿದೆ ಅಂತ ಗೊತ್ತಿಲ್ಲ, ಹಾಗೆ.

ಅದನ್ನು ಹುಡುಕಿದವನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಅವನು ಒಂದು ಮಾತೂ ಆಡದೆ, ಬೋರ್ಡಿನ ಮೇಲೆ 19,37,07,721 ಅನ್ನು 7,61,83,82,57,287ರಿಂದ ಗುಣಿಸಿ ತೋರಿಸಿ, ಹೋಗಿ ಕೂತನಂತೆ. ಸಭೆಯೆಲ್ಲ ಚಪ್ಪಾಳೆ. ಎಷ್ಟು ಸಮಯ ಹಿಡಿಯಿತು ಎಂದು ಕೇಳಿದ್ದಕ್ಕೆ 'ಮೂರು ವರ್ಷದ ಭಾನುವಾರಗಳು' ಅಂದನೆಂದು ಗಣಿತದ ಇತಿಹಾಸ ಬರೆದ ಇ. ಟಿ. ಬೆಲ್ ಹೇಳುತ್ತಾರೆ.

ಲೆಡ್ಜರ್ ಕಾಲದವರು ಒಂಬತ್ತರ ತಾಳೆ ಹಾಕಿ ನೋಡಬಹುದು. ಎರಡೂ ಅಪವರ್ತನಗಳ ಅಂಕಿಗಳನ್ನು ಕೂಡಿಸುತ್ತಾ ಹೋದರೆ 1, 1. ದೊಡ್ಡ ಸಂಖ್ಯೆಯದು 109, ಆಮೇಲೆ 10, ಕೊನೆಗೆ 1. ತಾಳೆ ಆಯಿತು! ಆದರೆ ಇಷ್ಟಕ್ಕೇ ಸಹಿ ಹಾಕಬೇಡಿ. 54ರ ಬದಲು 45 ಬರೆದರೆ ವ್ಯತ್ಯಾಸ 9, ಈ ತಾಳೆಗೆ ಅದು ಕಾಣುವುದೇ ಇಲ್ಲ.

ಇದೆಲ್ಲ ನಮಗ್ಯಾಕೆ ಅನ್ನುತ್ತೀರಾ? ಗುಣಿಸುವುದು ಒಂದು ಗಂಟೆಯ ಕೆಲಸ, ಒಡೆಯುವುದು ವರ್ಷಗಳ ಕೆಲಸ. ಈ ವ್ಯತ್ಯಾಸದ ಮೇಲೇ 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು ಒಂದು ಬೀಗ ಮಾಡಿದರು. ಅದೇ ಆರ್‌ಎಸ್‌ಎ. ಆಗ ಸವಾಲಾಗಿ ಇಟ್ಟ 129 ಅಂಕಿಯ ಸಂಖ್ಯೆ ಒಡೆದದ್ದು 1994ರಲ್ಲಿ, ನೂರಾರು ಜನರ ಕಂಪ್ಯೂಟರುಗಳು ಸೇರಿ ದುಡಿದ ಮೇಲೆ. ಈಗ ಈ ಬೀಗಕ್ಕೆ 617 ಅಂಕಿಯ ಸಂಖ್ಯೆಗಳನ್ನು ಬಳಸುತ್ತಾರೆ. ನೆಟ್‌ಬ್ಯಾಂಕಿಂಗಿನ ಭದ್ರತೆಯಲ್ಲಿ, ಡಿಜಿಟಲ್ ಸಹಿಯಲ್ಲಿ ಇದಕ್ಕೂ ಪಾಲಿದೆ.

ಆದರೆ ದೊಡ್ಡ ಸಂಖ್ಯೆಯನ್ನು ಒಡೆಯಲು ಸುಲಭದ ದಾರಿಯೇ ಇಲ್ಲ ಎಂದು ಇದುವರೆಗೆ ಯಾರೂ ಸಾಧಿಸಿ ತೋರಿಸಿಲ್ಲ. ಸಿಕ್ಕಿಲ್ಲ, ಅಷ್ಟೇ. ಬ್ಯಾಂಕಿನಲ್ಲಿ ಒಬ್ಬ ಮಾಡಿದ ಎಂಟ್ರಿಯನ್ನು ಇನ್ನೊಬ್ಬ ನೋಡದೆ ಪಾಸ್ ಮಾಡುವುದಿಲ್ಲ. ಮೇಕರ್, ಚೆಕರ್ ಅನ್ನುತ್ತೇವೆ. ಮೆರ್ಸೆನ್ನನ ಎಂಟ್ರಿಗೆ ಚೆಕರ್ ಬರಲು 232 ವರ್ಷ ಬೇಕಾಯಿತು. ನಮ್ಮೆಲ್ಲರ ದುಡ್ಡು ಕಾಯುವ ಈ ನಂಬಿಕೆಗೆ ಚೆಕರ್ ಇನ್ನೂ ಬರಬೇಕಿದೆ.