ಬಂಡಿಗಳು ಕೂಡುವ ಹೊತ್ತು

ನಮ್ಮ ತುಳಸಿಗೇರಿಯ ಹೆಸರನ್ನೆತ್ತಿದೊಡನೆ ಈ ಸೀಮೆಯ ಜನರಿಗೆ ಹನುಮಪ್ಪನ ಗುಡಿಯು ನೆನಪಾಗುವದು. ಜಾತ್ರೆಯ ದಿವಸಗಳಲ್ಲಿ ಬಾಗಲಕೋಟೆಯಿಂದ ಬರುವ ಬಸ್ಸುಗಳಲ್ಲಿ ಕಾಲಿಡಲಿಕ್ಕೆ ಸ್ಥಳ ಸಿಗುವದಿಲ್ಲ. ಆದರೆ ನಮ್ಮ ಊರಿಗೆ ರೇಲು ಇಲ್ಲ. ಬಾಗಲಕೋಟೆಯ ಸ್ಟೇಶನ್ನೇ ನಮಗೆ ಹೊರಜಗತ್ತಿನ ಬಾಗಿಲು. ಆ ಬಾಗಿಲು ಒಮ್ಮೆ ನನ್ನ ಕಣ್ಣೆದುರಿಗೆ ಮುಚ್ಚಿಕೊಂಡಿತು. ಅದೇಕೆ ಹಾಗಾಯಿತೆಂಬುದು ಬಹುಕಾಲದ ಮೇಲೆ, ಬಹುದೂರದ ಒಂದು ಚಿಕ್ಕ ದೇಶದಲ್ಲಿ ನನಗೆ ತಿಳಿದುಬಂದಿತು.

1991ನೆಯ ಇಸವಿ. ನಾನಾಗ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆನು. ಸೊಲ್ಲಾಪುರದಲ್ಲಿದ್ದ ನನ್ನ ಅಕ್ಕನಿಗೆ ಜಡ್ಡು ಬಲವಾಗಿದೆಯೆಂದು ತಂತಿ ಬಂದಿತು. ತಾಯಿಯನ್ನು ಕಾಣದ ನನ್ನನ್ನು ಎತ್ತಿ ಆಡಿಸಿ, ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ಅವಳು. ಸಂಜೆಯ ಬಸ್ಸು ಹಿಡಿದು ಬಾಗಲಕೋಟೆಗೆ ಹೋದೆನು. ಬಸ್ಸು ತನ್ನ ವೇಳೆಗೆ ಸರಿಯಾಗಿಯೇ ಮುಟ್ಟಿತು. ಟಾಂಗಾ ಮಾಡಿಕೊಂಡು ಸ್ಟೇಶನ್ನಿಗೆ ಬರುವಷ್ಟರಲ್ಲಿ ಗಾಡಿಯ ಕಡೆಯ ಡಬ್ಬಿಯ ಕೆಂಪು ದೀಪವು ಕತ್ತಲೆಯಲ್ಲಿ ಸಣ್ಣದಾಗುತ್ತ ಹೋಯಿತು. ಹತ್ತು ನಿಮಿಷದ ಅಂತರವಷ್ಟೆ. ಗಾಡಿಯೂ ತನ್ನ ವೇಳೆಗೆ ಸರಿಯಾಗಿಯೇ ಬಿಟ್ಟಿತ್ತು. ರಾತ್ರಿಯೆಲ್ಲ ಬೆಂಚಿನ ಮೇಲೆ ಕಳೆದು, ಮರುದಿನ ಮಧ್ಯಾಹ್ನ ಸೊಲ್ಲಾಪುರ ಮುಟ್ಟಿದಾಗ ಎಲ್ಲವೂ ಮುಗಿದುಹೋಗಿತ್ತು. ಬೆಳಗಿನ ಜಾವದ ವರೆಗೆ ನನ್ನ ಹೆಸರು ಹಿಡಿದು ಕೇಳುತ್ತಿದ್ದಳೆಂದು ಭಾವನವರು ಹೇಳಿದರು.

ಯಾರನ್ನು ಬಯ್ಯಬೇಕು? ಬಸ್ಸಿನವನ ತಪ್ಪಿಲ್ಲ, ರೇಲಿನವನ ತಪ್ಪಿಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ್ದರು. ಎರಡನ್ನೂ ಕೂಡಿಸುವ ಕೆಲಸವು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಈ ನಮ್ಮ ರೇಲುಮಾರ್ಗದ ಒಡೆತನದ ಕಥೆಯು ದೊಡ್ಡದು. 1876ರಿಂದ 1878ರ ವರೆಗಿನ ಭೀಕರ ಬರಗಾಲದ ತರುವಾಯ, ಹಸಿದ ಸೀಮೆಗೆ ಕಾಳು ಸಾಗಿಸಲು ದಾರಿಯಾಗಬೇಕೆಂಬ ಉದ್ದೇಶದಿಂದ ಈ ಭಾಗದಲ್ಲಿ ಹಳಿ ಹಾಕುವದಕ್ಕೆ 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಯಿತು. ಅದರ ದೊಡ್ಡ ಕಚೇರಿಗೆಂದು ಧಾರವಾಡದಲ್ಲಿ ಕಟ್ಟಿದ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಾಯಿತು; ನಾನು ಅಲ್ಲಿ ಕುಳಿತು ಸಂಸ್ಕೃತ ಓದುವಾಗ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಆ ದಶಕದಲ್ಲಿಯೇ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಾಪುರಗಳ ಮೇಲೆ ಹಾಯ್ದು ಹೊಟಗಿಗೆ ಮೀಟರಗೇಜಿನ ಹಳಿ ಬಂದಿತು. ನಮ್ಮ ನೆರೆಯ ಕಲಾದಗಿಗೆ ಬರಲಿಲ್ಲ. ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಆ ಊರಿನಿಂದ 1885ರಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದವು. ಮುಂದೆ 1908ರಲ್ಲಿ ಕಂಪನಿಯು ಮದ್ರಾಸಿನ ಕಂಪನಿಯೊಡನೆ ಕೂಡಿತು. 1944ರಲ್ಲಿ ಸರಕಾರದ ಕೈಗೆ ಬಂದಿತು. 1951ರಲ್ಲಿ ದಕ್ಷಿಣ ರೇಲ್ವೆಗೂ 1966ರಲ್ಲಿ ಸಿಕಂದರಾಬಾದಿನ ದಕ್ಷಿಣ ಮಧ್ಯ ರೇಲ್ವೆಗೂ ಸೇರಿತು. 2003ರಲ್ಲಿ ನೈರುತ್ಯ ರೇಲ್ವೆಯು ಹುಟ್ಟಿದ ಮೇಲೆ ಹುಬ್ಬಳ್ಳಿಯೇ ನಮ್ಮ ರಾಜಧಾನಿಯಾಯಿತು. ಹಳಿಯೂ ಅಗಲವಾಯಿತು. ಒಡೆಯರು ಎಷ್ಟು ಸಲ ಬದಲಾದರೂ ತುಳಸಿಗೇರಿಯ ಬಸ್ಸಿಗೂ ಬಾಗಲಕೋಟೆಯ ಗಾಡಿಗೂ ಪರಿಚಯ ಮಾಡಿಕೊಡುವವರು ಮಾತ್ರ ಯಾರೂ ಬರಲಿಲ್ಲ.

ನನ್ನ ಮಗಳು ಅಳಿಯನೊಡನೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿರುವಳು. ನಿವೃತ್ತನಾದ ಮೇಲೆ ಅವಳ ಒತ್ತಾಯಕ್ಕೆ ಕೆಲವು ವಾರ ಅಲ್ಲಿದ್ದು ಬಂದೆನು. ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತಲೂ ಚಿಕ್ಕದಾದ ದೇಶವದು. ಅದರಲ್ಲಿಯೂ ಬಹುಭಾಗ ಪರ್ವತ. ನಮ್ಮ ಕಂಪನಿಯು ಹುಟ್ಟಿದ 1882ರಲ್ಲಿಯೇ ಅವರು ಗೊಟ್ಟಾರ್ಡ್ ಪರ್ವತದೊಳಗೆ 15 ಕಿಲೋಮೀಟರಿನ ಸುರಂಗವನ್ನು ಕೊರೆದು ಗಾಡಿ ಓಡಿಸಿದ್ದರು. ಅಲ್ಲಿಯೂ ಮೊದಲು ಖಾಸಗಿ ಕಂಪನಿಗಳೇ ಇದ್ದವು. 1898ರಲ್ಲಿ ಜನರೇ ಮತ ಹಾಕಿ ದೊಡ್ಡ ಕಂಪನಿಗಳನ್ನು ರಾಷ್ಟ್ರದ ಸ್ವಾಧೀನಕ್ಕೆ ತೆಗೆದುಕೊಳ್ಳಲು ಒಪ್ಪಿದರು. 1902ರಿಂದ ಒಕ್ಕೂಟದ ರೇಲ್ವೆ ನಡೆಯುತ್ತಲಿದೆ. ಆದರೆ ಚಿಕ್ಕ ಕಂಪನಿಗಳೂ ಇಂದಿಗೂ ಬಹಳ. ಕ್ಯಾಂಟನ್ ಎಂದು ಕರೆಯಲ್ಪಡುವ ಪ್ರಾಂತಗಳು ಅವುಗಳಲ್ಲಿ ಪಾಲುಗಾರರಾಗಿವೆ. ಹಳ್ಳಿಗಾಡಿನ ಗಾಡಿಗಳಿಂದ ನಷ್ಟವಾಗುವದು ಸಹಜವೆಂದು ಮೊದಲೇ ಒಪ್ಪಿಕೊಂಡು, ಒಕ್ಕೂಟವೂ ಪ್ರಾಂತಗಳೂ ಕೂಡಿ ಆ ನಷ್ಟವನ್ನು ತುಂಬಿಕೊಡುವವು.

ಒಡೆಯರು ಇಷ್ಟು ಮಂದಿ ಇದ್ದೂ ಪ್ರಯಾಣಿಕನಿಗೆ ಅದು ಗೊತ್ತಾಗುವದಿಲ್ಲವೆಂಬುದೇ ಅಲ್ಲಿಯ ಸೋಜಿಗ. ಟಿಕೀಟು ಒಂದೇ. ವೇಳೆಯ ಕಟ್ಟಳೆಯೂ ಒಂದೇ. 1982ರಿಂದ ಗಾಡಿಗಳು ತಾಸು ತಾಸಿಗೆ ಅದೇ ನಿಮಿಷಕ್ಕೆ ಹೊರಡುವಂತೆ ಏರ್ಪಡಿಸಿದರು. 1987ರಲ್ಲಿ ಮತ್ತೆ ಜನರ ಮತ ಪಡೆದು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮುಖ್ಯ ಊರುಗಳಿಗೆ ಎಲ್ಲ ದಿಕ್ಕಿನ ಗಾಡಿಗಳೂ ತಾಸು ತುಂಬುವದಕ್ಕೆ ಸ್ವಲ್ಪ ಮುಂಚೆ ಬಂದು ಸೇರಬೇಕು. ಜನರು ಇತ್ತಿಂದತ್ತ ಹತ್ತಿ ಇಳಿಯಬೇಕು. ತಾಸು ಕಳೆದೊಡನೆ ಎಲ್ಲವೂ ಹೊರಡಬೇಕು. ಗೃಹಿಣಿಯು ಎಲೆ ಹಾಕುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಅನ್ನವನ್ನು ಯಾವಾಗ ಇಡಬೇಕು, ಸಾರನ್ನು ಯಾವಾಗ ಕುದಿಸಬೇಕೆಂದು ಹಿಂದಕ್ಕೆ ಎಣಿಸುವಂತೆ, ಇವರು ಕೂಡುವ ಹೊತ್ತನ್ನು ಮೊದಲು ನಿಶ್ಚಯಿಸಿ ಹಳಿಯ ಕೆಲಸವನ್ನು ಆಮೇಲೆ ಎಣಿಸಿದರು. ಬರ್ನಿನಿಂದ ಜ್ಯೂರಿಕ್ಕಿಗೆ 69 ನಿಮಿಷ ಹಿಡಿಯುತ್ತಿತ್ತು. ತಾಸಿನ ಲೆಕ್ಕಕ್ಕೆ ಅದು ಹೊಂದಲಿಲ್ಲ. 2004ರಲ್ಲಿ ಹೊಸ ಹಳಿ ತೆರೆದು ಅದನ್ನು 56 ನಿಮಿಷಕ್ಕೆ ಇಳಿಸಿದರು. ಅವರಿಗೆ ವೇಗಕ್ಕಿಂತ ಸಂಧಿಯು ಮುಖ್ಯ. ನಾನು ಮೂವತ್ತು ವರ್ಷ ಮಕ್ಕಳಿಗೆ ಸಂಧಿಪ್ರಕರಣ ಕಲಿಸಿದವನು. ಪದಗಳೆರಡೂ ಶುದ್ಧವಾಗಿದ್ದರೆ ಸಾಲದು, ಅವು ಕೂಡುವಲ್ಲಿಯೂ ಒಂದು ಸೂತ್ರವಿರಬೇಕೆಂಬುದನ್ನು ರೇಲ್ವೆಗೆ ಹಚ್ಚಿ ಎಂದೂ ನೋಡಿರಲಿಲ್ಲ.

ಒಂದು ದಿನ ಮಗಳು ನನ್ನನ್ನು ಪರ್ವತದ ತುದಿಯಲ್ಲಿರುವ ವ್ರಿನ್ ಎಂಬ ಹಳ್ಳಿಗೆ ಕರೆದೊಯ್ದಳು. ತುಳಸಿಗೇರಿಗಿಂತ ಬಹಳ ಸಣ್ಣ ಊರು. ಅಲ್ಲಿಯವರು ಲ್ಯಾಟಿನ್ನಿನಿಂದ ಹುಟ್ಟಿದ ರೊಮಾಂಶ್ ಭಾಷೆಯನ್ನಾಡುವರು. (ಲ್ಯಾಟಿನ್ನಿನಲ್ಲಿ ಗಾಲಿಗೆ ‘ರೋಟ’ ಎನ್ನುವರು, ನಮ್ಮ ‘ರಥ’ದ ಒಡಹುಟ್ಟು ಅದು. ಇಂಥದನ್ನು ಹೇಳದಿದ್ದರೆ ಸಂಸ್ಕೃತ ಮಾಸ್ತರನಿಗೆ ಊಟ ಸೇರುವದಿಲ್ಲ!) ಕೂರ್ ಎಂಬ ಊರಿನಲ್ಲಿ ದೊಡ್ಡ ಗಾಡಿಯಿಂದಿಳಿದು ಕೆಂಪು ಬಣ್ಣದ ಚಿಕ್ಕ ಗಾಡಿಯನ್ನು ಹತ್ತಿದೆವು. ಅದು ಮೀಟರಗೇಜು! ನನ್ನ ಬಾಲ್ಯದ ಗದಗ–ಹೊಟಗಿ ಹಳಿಯ ಅಳತೆ. ಬಾದಾಮಿಯ ಕೆಂಪು ಬಂಡೆಗಳನ್ನು ಕಂಡ ಕಣ್ಣಿಗೆ, ರೈನ್ ನದಿಯ ದಂಡೆಯ ಬಿಳಿಯ ಕಮರಿಗಳು ಬೇರೊಂದು ಲೋಕದಂತೆ ಕಂಡವು.

ಇಲಾಂಟ್ಸ್ ಎಂಬಲ್ಲಿ ಇಳಿಯಬೇಕಾಗಿತ್ತು. ಅಂದು ಗಾಡಿಗೆ ಕೆಲವು ನಿಮಿಷ ತಡವಾಯಿತು. ನನ್ನ ಎದೆ ಹಳೆಯ ರೂಢಿಯಂತೆ ಡವಡವ ಹೊಡೆದುಕೊಳ್ಳತೊಡಗಿತು. ಸ್ಟೇಶನ್ನಿನ ಹೊರಗೆ ಅಂಚೆ ಇಲಾಖೆಯ ಹಳದಿ ಬಸ್ಸು ಬಾಗಿಲು ತೆರೆದುಕೊಂಡು ನಿಂತಿತ್ತು. ಚಾಲಕನು ನಮ್ಮ ಕಡೆಗೆ ನೋಡಿ ತಲೆದೂಗಿದನು. ನಾನು ನಿಂತಲ್ಲಿಯೇ ನಿಂತೆನು.

“ಯಾಕ ಅಪ್ಪಾ, ಅಲ್ಲೇ ನಿಂತ್ರಿ? ಹತ್ರಿ. ಬಸ್ಸು ನಮ್ಮ ಸಲುವಾಗೇ ನಿಂತದ,” ಎಂದಳು ಮಗಳು.

ಅವಳು ತನ್ನ ಸೋದರತ್ತೆಯನ್ನು ಕಂಡವಳಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ, ಆ ಬಾಗಲಕೋಟೆಯ ರಾತ್ರಿಯ ಕಥೆಯನ್ನು ಮೊದಲ ಸಲ ಅವಳಿಗೆ ಹೇಳಿದೆನು.

ಅವರು ಶ್ರೀಮಂತರು, ನಾವು ಬಡವರು ಎಂದು ವಾಚಕರು ಅನ್ನಬಹುದು. ಸುರಂಗದ ಮಟ್ಟಿಗೆ ಆ ಮಾತು ಸರಿ. ನಮ್ಮಲ್ಲಿ ಒಂದೇ ಹಳಿಯ ಮಾರ್ಗವಿದ್ದಲ್ಲಿ ಎದುರು ಗಾಡಿಗಾಗಿ ಕಾಯಬೇಕಾಗುವದೂ ನಿಜ. ಬಾಗಲಕೋಟೆಯಿಂದ ಕುಡಚಿಗೆ ಹಾಕಹೊರಟ 142 ಕಿಲೋಮೀಟರಿನ ಹೊಸ ಮಾರ್ಗಕ್ಕೆ ರಾಜ್ಯವು ಅರ್ಧ ವೆಚ್ಚವನ್ನೂ ಭೂಮಿಯನ್ನೂ ಕೊಡಲು ಒಪ್ಪಿದರೂ, ಖಜ್ಜಿಡೋಣಿಯಿಂದ ಮುಂದಿನ ಕೆಲಸವು ವರ್ಷಗಟ್ಟಲೆ ಎಳೆಯಿತು. ಆದರೆ ಬಸ್ಸಿನ ವೇಳೆಯನ್ನು ಕಾಲು ತಾಸು ಹಿಂದಕ್ಕೆ ಸರಿಸಲು ಯಾವ ಪರ್ವತವನ್ನು ಕೊರೆಯಬೇಕು?

ಊರಿಗೆ ಮರಳಿದ ಮೇಲೆ ಒಂದು ದೊಡ್ಡ ಹಾಳೆಯಲ್ಲಿ ಮೂರು ಸಾಲು ಗೆರೆ ಹೊಡೆದೆನು: ತುಳಸಿಗೇರಿಯಿಂದ ಬಸ್ಸು ಬಿಡುವ ಹೊತ್ತು, ಬಾಗಲಕೋಟೆಯ ಸ್ಟೇಶನ್ ಮುಟ್ಟುವ ಹೊತ್ತು, ಅಲ್ಲಿ ಸಿಗುವ ಗಾಡಿ. ಅರ್ಧ ತಾಸಿಗಿಂತ ಕಡಿಮೆ ಅವಕಾಶವಿದ್ದಲ್ಲಿ ಕೆಂಪು ಶಾಯಿ. ಬಸ್ಸು ನಿಲ್ಲುವ ಕಡೆಗಿನ ಚಹಾದಂಗಡಿಯ ಗೋಡೆಗೆ ಅದನ್ನು ಅಂಟಿಸಿದೆನು. ಅದರ ಒಂದು ಪ್ರತಿಯನ್ನು ವಿನಂತಿಯೊಡನೆ ಬಸ್ಸಿನ ಅಧಿಕಾರಿಗಳಿಗೂ ಕಳಿಸಿದ್ದೇನೆ. ಉತ್ತರದ ದಾರಿ ಕಾಯುತ್ತಲಿದ್ದೇನೆ. ಮೊನ್ನೆ ಒಬ್ಬ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ಬಂದು, “ಮಾಸ್ತರ್ರ, ಸೊಲ್ಲಾಪುರದ ಗಾಡಿಗೆ ಯಾವ ಬಸ್ಸಿಗೆ ಹೋಗ್ಲಿ?” ಎಂದು ಕೇಳಿದಳು. ಹಾಳೆಯ ಕಡೆಗೆ ನೋಡದೆಯೇ ಹೇಳಿದೆನು: “ಒಂದು ಬಸ್ಸು ಮುಂಚೆ ಹೋಗವ್ವಾ.”