ಓಲ್ಡ್ ಎಕ್ಸ್‌ಚೇಂಜಿನಲ್ಲೊಂದು ಮದುವೆ

ಹಳೆಯದರ ಮೇಲಣ ಮೋಹವು ಎಲ್ಲ ಸೀಮೆಗಳಲ್ಲಿಯೂ ಉಂಟು. ಅಜ್ಜಿಯ ಕಾಲದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಮದುಮಗಳಿಗೆ ಉಡಿಸಿ ಸಂತೋಷಪಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಈ ಮೋಹವು ಮದುವೆಯ ಮಂಟಪದವರೆಗೂ ಹಬ್ಬಿರುವುದು. ಅಲ್ಲಿನ ವಧೂವರರಲ್ಲಿ ಅನೇಕರು ನೂರಾರು ವರ್ಷದ ಕಟ್ಟಡವೊಂದನ್ನು ಬಾಡಿಗೆಗೆ ಹಿಡಿದು, ಹಿಂದಿನವರ ಉಡುಪನ್ನೇ ಧರಿಸಿ ಲಗ್ನವಾಗುವರು. ಸೌತ್ ಕೆರೊಲೈನಾದ ಚಾರ್ಲ್‌ಸ್ಟನ್ ಪಟ್ಟಣದಲ್ಲಿ ಅಂತಹದೊಂದು ಮದುವೆಗೆ, ಪರಿಚಿತರ ಕರೆಯ ಮೇರೆಗೆ, ನಾವು ಹೋಗಿದ್ದೆವು.

ಆಷ್ಲಿ ಮತ್ತು ಕೂಪರ್ ಎಂಬೆರಡು ನದಿಗಳು ಕಡಲನ್ನು ಕೂಡುವೆಡೆಯಲ್ಲಿ ಈ ಪಟ್ಟಣವಿದೆ. ಹಳೆಯ ಬೀದಿಗಳ ರೂಪವು ಕೆಡದಂತೆ ಕಾಪಾಡಲು ಇಲ್ಲಿನ ನಗರಸಭೆಯು 1931ರಲ್ಲಿಯೇ ಕಟ್ಟಳೆ ಮಾಡಿತು. ಆ ದೇಶದಲ್ಲಿ ಇಂತಹ ಕಟ್ಟಳೆಗೆ ಅದೇ ಮೊದಲು. ಬ್ರಾಡ್ ಸ್ಟ್ರೀಟಿನ ಪೂರ್ವದ ತುದಿಯಲ್ಲಿರುವ ಓಲ್ಡ್ ಎಕ್ಸ್‌ಚೇಂಜ್ ಎಂಬ ಕಟ್ಟಡವು 1771ರಲ್ಲಿ ಪೂರ್ತಿಯಾದದ್ದು. ಮೊದಲಿಗೆ ಅದು ಸುಂಕದ ಮನೆ, ವರ್ತಕರು ಕಲೆಯುವ ಸ್ಥಳ. ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷರು ಪಟ್ಟಣವನ್ನು ಹಿಡಿದಿದ್ದಾಗ ಅದರ ನೆಲಮಾಳಿಗೆಯೇ ಸೆರೆಮನೆಯಾಯಿತು. 1788ರಲ್ಲಿ ಈ ಸಂಸ್ಥಾನದವರು ದೇಶದ ಸಂವಿಧಾನವನ್ನು ಅಂಗೀಕರಿಸಿದ್ದು ಇಲ್ಲಿಯೇ. 1791ರಲ್ಲಿ ಅಧ್ಯಕ್ಷ ವಾಷಿಂಗ್ಟನ್ನರಿಗೆ ಸತ್ಕಾರ ನಡೆದದ್ದೂ ಇಲ್ಲಿಯೇ.

ಮದುವೆಯು ಮೇಲಂತಸ್ತಿನ ದೊಡ್ಡ ಹಜಾರದಲ್ಲಿ ನಡೆಯಿತು. ಎತ್ತರದ ಕಿಟಕಿಗಳಿಂದ ಸಂಜೆಯ ಬಿಸಿಲು ಬೀಳುತ್ತಿತ್ತು. ಮದುಮಗಳು ಆಫ್ರಿಕಾ ಮೂಲದ ಅಮೆರಿಕನ್ ಮನೆತನದವಳು. ಅಜ್ಜಿಯ ಮದುವೆಯ ಉಡುಪನ್ನೇ ಬಿಚ್ಚಿ ಹೊಲಿಸಿ ತೊಟ್ಟಿದ್ದಳು. ಅದರ ಕಸೂತಿಯು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. ಹಳೆಯದೊಂದು, ಹೊಸದೊಂದು, ಎರವಲು ತಂದದ್ದೊಂದು, ನೀಲಿಯದೊಂದು ಮದುಮಗಳ ಮೈಮೇಲಿರಬೇಕೆಂಬುದು ಅವರ ವಾಡಿಕೆ. ಮದುಮಗನಿಗೆಂದು ಬೇರೆಯೇ ಒಂದು ಕೇಕನ್ನು ಮಾಡಿಸುವುದು ದಕ್ಷಿಣದವರ ಸಂಪ್ರದಾಯ. ಊಟದಲ್ಲಿ ಮುಸುಕಿನ ಜೋಳದ ನುಚ್ಚಿನ ಗಂಜಿಯೂ ಟೊಮ್ಯಾಟೊ ಹಾಕಿ ಬೇಯಿಸಿದ ಕೆಂಪು ಅನ್ನವೂ ಇದ್ದುವು. ಅನ್ನವನ್ನು ಕಂಡು ನಮಗೆ ತವರನ್ನು ಕಂಡಂತಾಯಿತು.

ಆದರೆ ಆ ಅಕ್ಕಿಗೂ ಒಂದು ಕಥೆಯುಂಟು. ಈ ಕರಾವಳಿಯನ್ನು ಸಿರಿವಂತವಾಗಿ ಮಾಡಿದ್ದು ಬತ್ತ. ಅದನ್ನು ಜೌಗು ನೆಲದಲ್ಲಿ ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅವರಲ್ಲಿ ಅನೇಕರು ಪಶ್ಚಿಮ ಆಫ್ರಿಕಾದ ಬತ್ತದ ಸೀಮೆಯವರು. ಆ ಬೇಸಾಯವನ್ನು ಬಲ್ಲವರು.

ಊಟಕ್ಕೆ ಮುಂಚೆ ನಾವು ಗಾಳಿಗೆಂದು ಕೆಳಗಿಳಿದು ಕಟ್ಟಡದ ಉತ್ತರದ ಮಗ್ಗುಲಿಗೆ ಬಂದೆವು. ಮದುಮಗಳ ಅಜ್ಜಿಯು ಕೋಲೂರಿಕೊಂಡು ಅಲ್ಲಿಯೇ ನಿಂತಿದ್ದರು. ಎದುರಿಗೊಂದು ಫಲಕ. ಗುಲಾಮರನ್ನು ಹರಾಜು ಹಾಕುತ್ತಿದ್ದ ಸ್ಥಳವಿದು ಎಂಬ ಸಂಗತಿಯು ಅದರಲ್ಲಿತ್ತು. 1856ರಲ್ಲಿ ನಗರಸಭೆಯು ಬಯಲಿನ ಹರಾಜನ್ನು ನಿಷೇಧಿಸುವವರೆಗೂ ಇಲ್ಲಿ ಮನುಷ್ಯರ ಮಾರಾಟ ನಡೆಯಿತು. ಆಮೇಲೆ ಅದು ಸಮೀಪದ ಚಾಮರ್ಸ್ ಸ್ಟ್ರೀಟಿನಂತಹ ಎಡೆಗಳಲ್ಲಿ ಗೋಡೆಗಳ ಒಳಕ್ಕೆ ಸೇರಿತು. ಗುಲಾಮರ ವಿವಾಹಕ್ಕೆ ಕಾನೂನಿನ ಮನ್ನಣೆಯಿರಲಿಲ್ಲ. ಗಂಡನನ್ನೊಬ್ಬ, ಹೆಂಡತಿಯನ್ನು ಮತ್ತೊಬ್ಬ, ಮಗುವನ್ನು ಇನ್ನೊಬ್ಬ ಕೊಂಡೊಯ್ದರೆ ಕೇಳುವವರಿರಲಿಲ್ಲ.

"ಇಲ್ಲಿ ಮದುವೆ ಬೇಡವೆಂದು ನಾನು ಬಹಳ ಹೇಳಿದೆ," ಎಂದರು ಅಜ್ಜಿ. "ಹುಡುಗಿ ಕೇಳಲಿಲ್ಲ. 'ನಮ್ಮವರನ್ನು ಅಗಲಿಸಿದ ಜಾಗದಲ್ಲಿಯೇ ನಾವು ಕೂಡಬೇಕಜ್ಜಿ' ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಉಡುಪನ್ನು ತೆಗೆದುಕೊಟ್ಟೆ."

ನಾವು ಮೇಲಕ್ಕೆ ಬಂದಾಗ ಹಜಾರದ ನಡುವೆ ಪಟ್ಟಿ ಸುತ್ತಿದ ಪೊರಕೆಯೊಂದನ್ನು ಇಟ್ಟಿದ್ದರು. ವಧೂವರರು ಕೈಹಿಡಿದುಕೊಂಡು ಅದನ್ನು ದಾಟಿ ಹಾರಿದರು. ಕಾನೂನು ಒಪ್ಪದ ಕಾಲದಲ್ಲಿ, ಹೀಗೆ ಪೊರಕೆ ದಾಟಿಯೇ ಎಷ್ಟೋ ಗುಲಾಮರು ತಮ್ಮವರೆದುರಿಗೆ ಸತಿಪತಿಗಳಾಗುತ್ತಿದ್ದರು. ಎಲ್ಲರೂ ಚಪ್ಪಾಳೆಯಿಟ್ಟರು. ಅಜ್ಜಿ ಮಾತ್ರ ಎರಡು ಕೈಗಳನ್ನೂ ಕೋಲಿನ ಮೇಲಿಟ್ಟು ಮೊಮ್ಮಗಳನ್ನೇ ನೋಡುತ್ತಿದ್ದರು.

ಹಳೆಯ ಕಟ್ಟಡಗಳ ಕಂಬವನ್ನೂ ಕಸೂತಿಯನ್ನೂ ಮೆಚ್ಚುವುದು ಸುಲಭ. ಅವುಗಳ ನೆರಳಿನಲ್ಲಿ ಅತ್ತವರನ್ನು ಕೂಡ ಮಂಗಳಕಾರ್ಯಕ್ಕೆ ಕರೆಯುವುದು ಕಷ್ಟ. ಆ ಹುಡುಗಿಯು ಅದನ್ನು ಮಾಡಿದಳು. ಹಿಂದಿರುಗುವಾಗ ನಾವು ಮತ್ತೊಮ್ಮೆ ಆ ಫಲಕದ ಬಳಿಗೆ ಹೋದೆವು. ಮದುಮಗಳ ಕೈಯ ಹೂಗೊಂಚಲು ಅದರ ಬುಡದಲ್ಲಿತ್ತು.